ಗುಟ್ಟೆಲ್ಲ ಸಾರಿನಲ್ಲಿ: ಜಪಾನಿನ ಮಕ್ಕಳ ಮನೆಗೆ ಹೊರಟವರಿಗೆ

ಕಡೂರಿನಿಂದ ಜಪಾನಿಗೆ ಹೊರಟವರು ಸೂಟ್‌ಕೇಸಿನಿಂದ ಮೊದಲು ತೆಗೆದಿಡಬೇಕಾದ್ದು ಕೊಬ್ಬರಿ. ನಮ್ಮ ಕಡೆಯವರಿಗೆ ಇದು ನುಂಗಲಾರದ ತುತ್ತು. ಮಗಳ ಮನೆಗೆ ಹೋಗುವಾಗ ತೋಟದ ಕೊಬ್ಬರಿ ಬಿಟ್ಟು ಕೈಬೀಸಿಕೊಂಡು ಹೋಗುವುದುಂಟೇ? ಆದರೆ ಎಣ್ಣೆ ತುಂಬಿದ ಒಣಕೊಬ್ಬರಿ ಇಕ್ಕಟ್ಟಿನಲ್ಲಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂಬ ಕಾರಣಕ್ಕೆ ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದೂ ಇದೆ. ಶಬರಿಮಲೆ ಯಾತ್ರಿಗಳ ಇರುಮುಡಿಯ ಕಾಯಿಗೆ 2024ರಲ್ಲಿ ವಿಶೇಷ ವಿನಾಯಿತಿ ಕೊಡಬೇಕಾಯಿತು ಎಂದರೆ ತೆಂಗಿನ ವಿಷಯದಲ್ಲಿ ವಿಮಾನ ನಿಲ್ದಾಣದವರು ಎಷ್ಟು ಬಿಗಿ ಎಂದು ಲೆಕ್ಕ ಹಾಕಿ. ದೇವನಹಳ್ಳಿಯಲ್ಲಿ ಪೆಟ್ಟಿಗೆ ಬಿಚ್ಚಿಸಿಕೊಂಡು ನಿಲ್ಲುವುದಕ್ಕಿಂತ ಬೀರೂರಿನಲ್ಲಿ ರೈಲು ಹತ್ತುವ ಮುಂಚೆಯೇ ತೆಗೆದಿಡುವುದು ಮೇಲು.

ಎರಡನೆಯದು ಹಸಿರು. ಕರಿಬೇವು, ವೀಳ್ಯದೆಲೆ, ತೆಂಗಿನಕಾಯಿ, ಮಾವಿನಹಣ್ಣು, ಬಿತ್ತನೆಗೆ ಬರುವ ಅವರೆ, ಹುರುಳಿ, ಇವೆಲ್ಲ ಜಪಾನಿನ ಸಸ್ಯ ತಪಾಸಣೆಯ ಕಣ್ಣಿಗೆ ಬೀಳುವಂಥವು. ನಮ್ಮ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಅವಕ್ಕೆ ಪ್ರವೇಶವಿಲ್ಲ. ಕೆಲವಕ್ಕೆ ಪ್ರಮಾಣಪತ್ರವಿದ್ದರೂ ಇಲ್ಲ. ಮಾಂಸ ಹಾಕಿದ ಯಾವ ಪದಾರ್ಥವನ್ನೂ ಒಯ್ಯಬೇಡಿ, ಕೋಳಿ ಉಪ್ಪಿನಕಾಯಿಯ ಒಂದು ಸಣ್ಣ ಬಾಟಲಿಯನ್ನೂ. ಅಲ್ಲಿನ ಕಾನೂನಿನ ಪ್ರಕಾರ ಇದಕ್ಕೆ 3 ವರ್ಷದವರೆಗೆ ಜೈಲು ಅಥವಾ 30 ಲಕ್ಷ ಯೆನ್‌ವರೆಗೆ ದಂಡ ಹಾಕಬಹುದು. ಸಾಮಾನು ಬರುವ ಪಟ್ಟಿಯ ಪಕ್ಕದಲ್ಲಿ ಬೀಗಲ್ ನಾಯಿ ಮೂಸುತ್ತಾ ಓಡಾಡುತ್ತಿರುತ್ತದೆ. ಮುದ್ದಾಗಿದೆ ಎಂದು ತಲೆ ಸವರಲು ಹೋಗಬೇಡಿ, ಅದು ಡ್ಯೂಟಿಯಲ್ಲಿರುತ್ತದೆ. ಹಾಲಿನ ಪದಾರ್ಥಗಳಿಗೂ 2017ರಿಂದ ನಿಯಮವಿದೆ. ಪೇಡ, ತುಪ್ಪ ಒಯ್ಯುವ ಆಸೆಯಿದ್ದರೆ ಜಪಾನಿನ ಪ್ರಾಣಿ ತಪಾಸಣಾ ಇಲಾಖೆಯ ಜಾಲತಾಣವನ್ನು ಮಕ್ಕಳಿಂದ ನೋಡಿಸಿ ಆಮೇಲೆ ತುಂಬಿ.

ಹಾಗಾದರೆ ಒಯ್ಯುವುದೇನು? ಅಂಗಡಿಯಲ್ಲಿ ಸೀಲ್ ಮಾಡಿದ, ಹೆಸರು ಅಚ್ಚಾದ ಪೊಟ್ಟಣದ ಒಣ ಮಸಾಲೆ, ಸಾರಿನ ಪುಡಿ, ಹುರಿದ ಕಾಫಿಪುಡಿ. ಮನೆಯಲ್ಲೇ ಕುಟ್ಟಿದ ಪುಡಿಯನ್ನು ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿದರೆ ಅದೇನೆಂದು ಕೌಂಟರಿನವನಿಗೆ ವಿವರಿಸುವ ಭಾಷೆ ನಿಮ್ಮಲ್ಲೂ ಇಲ್ಲ, ಅವನಲ್ಲೂ ಇಲ್ಲ. ಚಟ್ನಿಪುಡಿ ಬೇಕೇಬೇಕೆಂದರೆ ಕೊಬ್ಬರಿ ಹಾಕದ ಹುಚ್ಚೆಳ್ಳು ಅಥವಾ ಶೇಂಗಾದ್ದು ಒಳ್ಳೆಯದು. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ. ನೇರ ವಿಮಾನ ಸಿಗದೆ ಸಿಂಗಪುರದ ಮೇಲೆ ಹೋಗುವವರು ಗಸಗಸೆಯನ್ನು ಮನೆಯಲ್ಲೇ ಬಿಡಿ. ಅಲ್ಲಿ ಅದು ನಿಷಿದ್ಧ ಪದಾರ್ಥ. ಉಳಿದದ್ದಕ್ಕೆ ಚಿಂತೆ ಬೇಡ. ತೊಗರಿಬೇಳೆ, ಸೋನಾ ಮಸೂರಿ, ರಾಗಿಹಿಟ್ಟು, ಹುಣಸೆ ಎಲ್ಲವೂ ಟೋಕಿಯೋದ ಭಾರತೀಯ ದಿನಸಿ ಅಂಗಡಿಗಳಲ್ಲಿ ಸಿಗುತ್ತವೆ. ಬೆಲೆ ಕೇಳಿದಾಗ ಮಾತ್ರ ಎದೆ ಗಟ್ಟಿ ಮಾಡಿಕೊಳ್ಳಬೇಕು. ಈಚಿನ ವರ್ಷಗಳಲ್ಲಿ 100 ಯೆನ್ ಎಂದರೆ 55ರಿಂದ 60 ರೂಪಾಯಿ. ಒಂದೊಂದಕ್ಕೂ ಮನಸ್ಸಿನಲ್ಲೇ ರೂಪಾಯಿ ಮಾಡುತ್ತಾ ಹೋದರೆ ಅಲ್ಲಿ ನೀರೂ ಇಳಿಯುವುದಿಲ್ಲ.

ಕಾಣದ ಮೀನು

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇರುವುದು ಟೋಕಿಯೋದ ಎದೊಗಾವಾ ವಾರ್ಡಿನ ನಿಶಿ-ಕಸಾಯ್ ಸುತ್ತಮುತ್ತ, ಇಲ್ಲವೇ ಯೋಕೊಹಾಮಾದಲ್ಲಿ. 2000ನೇ ಇಸವಿಯ ಹೊಸ್ತಿಲಲ್ಲಿ ಕಂಪ್ಯೂಟರುಗಳ ತಾರೀಖು ಕೈಕೊಡುತ್ತದೆ ಎಂಬ ಗಾಬರಿ ಎದ್ದಾಗ ಭಾರತದ ಎಂಜಿನಿಯರುಗಳು ಗುಂಪುಗುಂಪಾಗಿ ಬಂದು ನೆಲೆಸಿದ ಜಾಗ ಅದು. ತೋಜಾಯ್ ಮೆಟ್ರೋ ಹತ್ತಿದರೆ ಊರ ನಡುವಿನ ಕಚೇರಿಗಳಿಗೆ ಸಲೀಸು. ಟೊಯೋಟಾ ಸಂಬಂಧದ ಕೆಲಸದವರಾದರೆ ನಗೋಯಾ ಕಡೆ. ಮಕ್ಕಳ ಮನೆಯೊಳಗೆ ಊಟದ ಕಷ್ಟವಿಲ್ಲ. ಹೊಸ್ತಿಲು ದಾಟಿದ ಮೇಲೆ ಶುರು.

ಜಪಾನಿನಲ್ಲಿ ಸಸ್ಯಾಹಾರಿಗೆ ಎದುರಾಗುವ ತೊಡಕು ತಟ್ಟೆಯಲ್ಲಿ ಕಾಣುವುದೇ ಇಲ್ಲ, ಸಾರಿನಲ್ಲಿ ಕರಗಿರುತ್ತದೆ. ಅದರ ಹೆಸರು ದಾಶಿ. ಕತ್ಸುವೊ ಎಂಬ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸುತ್ತಾರೆ. ಬಡಗಿಯ ಉಜ್ಜುಗೊರಡನ್ನು ಮಗುಚಿ ಕೂರಿಸಿದ ಪೆಟ್ಟಿಗೆಯ ಮೇಲೆ ಅದನ್ನು ಹೆರೆದರೆ ಗುಲಾಬಿ ಬಣ್ಣದ ತೆಳ್ಳನೆಯ ಚಕ್ಕೆಗಳು ಬೀಳುತ್ತವೆ. ಬಿಸಿನೀರಿಗೆ ಆ ಚಕ್ಕೆ ಹಾಕಿ ಸೋಸಿದರೆ ದಾಶಿ ಸಿದ್ಧ. ತಿಳಿಯಾಗಿರುತ್ತದೆ, ಮೀನಿನ ವಾಸನೆ ನಮ್ಮ ಮೂಗಿಗೆ ಥಟ್ಟನೆ ಹತ್ತುವುದೂ ಇಲ್ಲ. ಮಿಸೊ ಸೂಪು, ಉದೊನ್, ಸೊಬಾ ಶಾವಿಗೆಗಳು, ಬೇಯಿಸಿದ ಕುಂಬಳಕಾಯಿ, ಸೊಪ್ಪಿನ ಪಲ್ಯ, ಮೊಟ್ಟೆಯ ಸುರುಳಿ, ತರಕಾರಿ ಬಜ್ಜಿಗೆ ಕೊಡುವ ಅದ್ದುರಸ, ಎಲ್ಲದರ ಬುಡದಲ್ಲೂ ಅದೇ. 'ಬರೀ ತರಕಾರಿ' ಎಂದು ಹೋಟೆಲಿನಾಕೆ ನಗುತ್ತಾ ತಂದಿಡುವುದರಲ್ಲಿ ಮೋಸವಿಲ್ಲ. ನಾವು ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಅವರು ದಾಶಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಷ್ಟೇ.

ಆದ್ದರಿಂದ 'ನಾನು ವೆಜಿಟೇರಿಯನ್' ಎಂದು ಹೇಳಿ ಪ್ರಯೋಜನ ಕಡಿಮೆ. ನಿರ್ದಿಷ್ಟವಾಗಿ ಕೇಳಬೇಕು. ಎರಡು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. 'ನಿಕು ತೊ ಸಕಾನಾ ವಾ ತಬೆರಾರೆಮಾಸೆನ್' ಎಂದರೆ ಮಾಂಸ, ಮೀನು ತಿನ್ನುವುದಿಲ್ಲ ಎಂದು. 'ಕತ್ಸುವೊ ನೊ ದಾಶಿ ವಾ ಹಾಯಿತ್ತೆ ಇಮಾಸು ಕಾ?' ಎಂದರೆ ಇದರಲ್ಲಿ ಕತ್ಸುವೊ ದಾಶಿ ಇದೆಯೇ ಎಂದು. ಎರಡನೇ ಪ್ರಶ್ನೆ ಕೇಳಿದ ಕೂಡಲೇ ಅವರ ಮುಖ ಬದಲಾಗುತ್ತದೆ; ಒಳಗೆ ಹೋಗಿ ಅಡುಗೆಯವನನ್ನು ವಿಚಾರಿಸಿ, ಬಗ್ಗಿ ಕ್ಷಮೆ ಕೇಳಿ ನಿಜ ಹೇಳುತ್ತಾರೆ. ಹೇಳಲು ನಾಲಿಗೆ ತಿರುಗದಿದ್ದರೆ ಮಕ್ಕಳಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಿ.

ಇನ್ನೊಂದು ದಾಶಿ ಇದೆ, ಕೊಂಬು ಎಂಬ ಕಡಲಪಾಚಿಯದ್ದು. ಅದು ನಿರಾತಂಕ. ಟೋಕಿಯೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ 1908ರಲ್ಲಿ ಈ ಕೊಂಬು ಸಾರಿನ ರುಚಿ ಎಲ್ಲಿಂದ ಬರುತ್ತದೆ ಎಂದು ಹುಡುಕಹೊರಟು ಗ್ಲುಟಮೇಟನ್ನು ಬೇರ್ಪಡಿಸಿದ. ಮರುವರ್ಷವೇ ಅದು ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಗೋಬಿ ಮಂಚೂರಿ ಗಾಡಿಗಳಲ್ಲಿ 'ಟೇಸ್ಟಿಂಗ್ ಪೌಡರ್' ಅಂತ ಸುರಿಯುವುದು ಅದನ್ನೇ. ಸಕ್ಕರೆ, ಪಿಷ್ಟವನ್ನು ಹುದುಗಿಸಿ ಮಾಡುವ ಆ ಪುಡಿ ಸಸ್ಯಾಹಾರವೇ. ಆದರೆ ಸೂಪರ್ ಮಾರ್ಕೆಟ್ಟಿನಲ್ಲಿ ಅದರ ಪಕ್ಕದಲ್ಲೇ ಕೂತಿರುವ ಹೊಂದಾಶಿ ಎಂಬ ಪೊಟ್ಟಣ ಕತ್ಸುವೊ ಮೀನಿನದು. ಎರಡನ್ನೂ ಒಂದೇ ಕಂಪನಿ ಮಾಡುತ್ತದೆ, ನೋಡಿ ತೆಗೆದುಕೊಳ್ಳಿ.

ಪೊಟ್ಟಣದ ಹಿಂಭಾಗ ಓದಲು ಫೋನಿನ ಕ್ಯಾಮೆರಾ ಅನುವಾದ ಸಾಕು. ಅಲರ್ಜಿಯ ಪಟ್ಟಿಯೊಂದನ್ನೇ ನಂಬಬೇಡಿ. ಅದರಲ್ಲಿ ಕಡ್ಡಾಯವಾಗಿ ನಮೂದಿಸಬೇಕಾದ ಪದಾರ್ಥಗಳಲ್ಲಿ ಮೊಟ್ಟೆ, ಹಾಲು, ಗೋಧಿ, ಸೊಬಾ ಕಾಳು, ಶೇಂಗಾ, ಸಿಗಡಿ, ಏಡಿ ಮತ್ತು ಆಕ್ರೋಟು ಸೇರಿವೆ. ಮೊಟ್ಟೆ ತಿನ್ನದವರಿಗೆ ಇದು ವರದಾನ. ಕತ್ಸುವೊ ಮಾತ್ರ ಆ ಪಟ್ಟಿಯಲ್ಲಿಲ್ಲ, ಪದಾರ್ಥಗಳ ಸಾಲಿನಲ್ಲೇ ಹುಡುಕಬೇಕು. ಕರ್ರಿ ಸಾರಿಗೆ ಹಾಕುವ ಗಟ್ಟಿ, ಅಂದರೆ ರೂ, ಅದರಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರುವುದು ಸಾಮಾನ್ಯ. ಪುಡಿಂಗ್, ಗಮ್ಮಿ ಮಿಠಾಯಿಗಳಲ್ಲಿ ಜೆಲಟಿನ್. ಕಾಂತೆನ್ ಎಂದಿದ್ದರೆ ನಿಶ್ಚಿಂತೆ, ಅದು ನಮ್ಮ ಚೈನಾ ಗ್ರಾಸ್.

ಒಂದು ಸಲಹೆ. ಎಷ್ಟರಮಟ್ಟಿಗೆ ಕಟ್ಟುನಿಟ್ಟು ಎಂದು ಊರಲ್ಲೇ ಗಂಡ-ಹೆಂಡತಿ ಕೂತು ತೀರ್ಮಾನಿಸಿ ಹೊರಡಿ. ದಾಶಿಯೂ ಬೇಡವೇ, ಮೇಲೆ ಉದುರಿಸಿದ ಚಕ್ಕೆ ತೆಗೆದರೆ ಸಾಕೇ, ಅದೇ ಎಣ್ಣೆಯಲ್ಲಿ ಸಿಗಡಿ ಕರಿದಿದ್ದರೆ ಪರವಾಗಿಲ್ಲವೇ, ಅಡುಗೆಗೆ ಹಾಕುವ ಮಿರಿನ್ ಎಂಬ ಅಕ್ಕಿಮದ್ಯ ನಡೆಯುತ್ತದೆಯೇ? ಈ ಚರ್ಚೆ ಹೋಟೆಲಿನ ಮೇಜಿನ ಮುಂದೆ ನಡೆದರೆ ಅಳಿಯನೋ ಸೊಸೆಯೋ ಸುಮ್ಮನೆ ಬೆವರುತ್ತಾರೆ. ಕಾಣದ್ದನ್ನು ಕೇಳುವುದಿಲ್ಲ ಎಂದು ಕಣ್ಣು ಮುಚ್ಚಿ ಉಂಡು ಬರುವವರೂ ನಮ್ಮಲ್ಲಿದ್ದಾರೆ. ಅವರನ್ನು ನಾನಂತೂ ದೂರುವುದಿಲ್ಲ.

ರಾಗಿ ಸೀಮೆಯವರಿಗೊಂದು ಊಟ

ಟೋಕಿಯೋದಲ್ಲಿ ನನಗೆ ಮರೆಯಲಾಗದ ಊಟ ಸುಶಿಯೂ ಅಲ್ಲ, ಚೆರ್ರಿ ಹೂವಿನಡಿಯ ಬುತ್ತಿಯೂ ಅಲ್ಲ. ಸೊಬಾಗಾಕಿ. ಸೊಬಾ ಎಂದರೆ ಎಲ್ಲರಿಗೂ ಗೊತ್ತಿರುವುದು ಶಾವಿಗೆ. ಆದರೆ ಸೊಬಾವನ್ನು ಶಾವಿಗೆ ಮಾಡುವುದು ರೂಢಿಯಾಗುವ ಮುಂಚೆ ಸೊಬಾ ಕಾಳಿನ ಹಿಟ್ಟನ್ನು ಕುದಿನೀರಿಗೆ ಹಾಕಿ ತಿರುವಿ ಉಂಡೆ ಮಾಡಿ ಉಣ್ಣುತ್ತಿದ್ದರು. ಕಾಂಡಾ ಪ್ರದೇಶದ ಹಳೇ ಸೊಬಾ ಅಂಗಡಿಗಳಲ್ಲಿ ಅದು ಇವತ್ತಿಗೂ ಸಿಗುತ್ತದೆ. ಮುಚ್ಚಳವಿರುವ ಮರದ ಪಾತ್ರೆಯಲ್ಲಿ ಬಂತು. ಮುಚ್ಚಳ ತೆಗೆದರೆ ಬಿಸಿನೀರಿನಲ್ಲಿ ಬೂದು ಬಣ್ಣದ ಮುದ್ದೆ, ಮೇಲೆ ಕೋಲಿನ ಗುರುತು. ಚಾಪ್‌ಸ್ಟಿಕ್ಕಿನಿಂದ ಒಂದು ತುಂಡು ಮುರಿದು, ಸೋಯಾ ರಸಕ್ಕೆ ಮುಟ್ಟಿಸಿ, ಚೂರು ವಸಾಬಿ ಹಚ್ಚಿ ಬಾಯಿಗಿಟ್ಟರೆ ಸಲೀಸಾಗಿ ಇಳಿಯಿತು. ಪಕ್ಕದ ಮೇಜಿನವರು ನಿಧಾನಕ್ಕೆ ಅಗಿಯುತ್ತಿದ್ದರು. ನಮಗೆ ಅಗಿಯುವ ಅಭ್ಯಾಸವೇ ಇಲ್ಲವಲ್ಲ.

ಎಲ್ಲ ಸೊಬಾ ಅಂಗಡಿಯಲ್ಲೂ ಇದು ಸಿಗುವುದಿಲ್ಲ. ಮೆನುವಿನಲ್ಲಿ ಇದೆಯೇ ಎಂದು ಮಕ್ಕಳಿಂದ ಮೊದಲೇ ನೋಡಿಸಿ. ಜೊತೆಗೆ ಬರುವ ಅದ್ದುರಸದಲ್ಲಿ ಕತ್ಸುವೊ ಇರುತ್ತದೆ, ಅದನ್ನು ಬದಿಗಿಟ್ಟು ಬರೀ ಸೋಯಾ ಸಾಸ್ ಕೇಳಿ, ಅದಕ್ಕೆ ಶೋಯು ಎನ್ನುತ್ತಾರೆ. ಸೊಬಾ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ನಮ್ಮ ಕಡೆ ಬೆಳೆಯದ ಕಾಳಾದ್ದರಿಂದ ನಿಮ್ಮ ಮೈಗೆ ಒಗ್ಗುತ್ತದೋ ಇಲ್ಲವೋ ಮೊದಲೇ ತಿಳಿದಿರುವುದಿಲ್ಲ. ಮೊದಲ ಸಲ ಚೂರೇ ಚೂರು ತಿಂದು ನೋಡಿ.

ಇನ್ನೊಂದು ಸಂಗತಿ ನಮ್ಮ ಅಜ್ಜಂಪುರ, ಯಗಟಿ ಕಡೆಯ ರಾಗಿ ಬೆಳೆಗಾರರಿಗೆ. ಜಪಾನಿನ ಗುಡ್ಡಗಾಡು ಹಳ್ಳಿಗಳಲ್ಲಿ ಹಿಂದೆ ರಾಗಿಯನ್ನೇ ಬೆಳೆಯುತ್ತಿದ್ದರು. ಅಲ್ಲಿ ಅದರ ಹೆಸರು ಶಿಕೊಕುಬಿಯೆ. ಭತ್ತಕ್ಕೆ ನೀರು ನಿಲ್ಲದ ಇಳಿಜಾರುಗಳಲ್ಲಿ ಹೊಟ್ಟೆ ತುಂಬಿಸಿದ ಬೆಳೆ. ಬಿಳಿ ಅನ್ನ ಎಲ್ಲರ ಕೈಗೆಟುಕಿದ ಮೇಲೆ ಬಡವರ ಕಾಳೆಂದು ಮೂಲೆ ಸೇರಿತು. ಈ ಕಥೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲದ ಮಠದ ಊಟ

ಮಕ್ಕಳು ಎರಡು ದಿನ ರಜೆ ಹಾಕಿ ಎಲ್ಲಿಗಾದರೂ ಕರೆದೊಯ್ಯುತ್ತೇವೆ ಎಂದರೆ ಡಿಸ್ನಿಲ್ಯಾಂಡ್ ಬಿಟ್ಟು ಕೋಯಾಸಾನ್ ಹೇಳಿ. ಒಸಾಕಾದ ನಂಬಾ ನಿಲ್ದಾಣದಿಂದ ನಂಕಾಯ್ ರೈಲು, ಅದರ ಕೊನೆಯಲ್ಲಿ ಕೇಬಲ್ ಕಾರು. ಸುಮಾರು 800 ಮೀಟರ್ ಎತ್ತರದ ಬೆಟ್ಟದ ಮೇಲೆ ಕೂಕಾಯ್ ಎಂಬ ಬೌದ್ಧ ಗುರು 816ರಲ್ಲಿ ಕಟ್ಟಿದ ಮಠಗಳ ಊರು. ಅಲ್ಲಿ ಐವತ್ತರಷ್ಟು ಮಠಗಳು ಯಾತ್ರಿಕರಿಗೆ ತಂಗಲು ಕೋಣೆ ಕೊಡುತ್ತವೆ. ಊಟ ಶೋಜಿನ್ ರ್‍ಯೋರಿ. ಮಾಂಸ, ಮೀನು, ಮೊಟ್ಟೆ ಇಲ್ಲದ್ದು, ಈರುಳ್ಳಿ-ಬೆಳ್ಳುಳ್ಳಿ ಜಾತಿಯನ್ನೂ ದೂರವಿಟ್ಟದ್ದು. ಸಾರಿಗೆ ಕೊಂಬು ಮತ್ತು ಒಣ ಶಿತಾಕೆ ಅಣಬೆ. ಮಡಿಯಲ್ಲಿ ಬೆಳೆದವರೂ, ಲಿಂಗಾಯತ ಮನೆಯವರೂ ಒಂದೇ ಪಂಕ್ತಿಯಲ್ಲಿ ಕೂರಬಹುದಾದ ಊಟ.

ಸಂಜೆ ಐದೂವರೆ-ಆರಕ್ಕೆಲ್ಲ ಊಟ ಬಡಿಸುತ್ತಾರೆ. ತಡವಾಗಿ ಹೋದರೆ ಊಟ ತಪ್ಪುತ್ತದೆ, ಆ ಊರಿನಲ್ಲಿ ರಾತ್ರಿ ತೆರೆದಿರುವ ಹೋಟೆಲು ಹುಡುಕುವುದೂ ಕಷ್ಟ. ಪ್ರತಿಯೊಬ್ಬರ ಮುಂದೆ ಮೊಳಕಾಲೆತ್ತರದ ಮೆರುಗೆಣ್ಣೆಯ ಮಣೆ, ಅದರ ಮೇಲೆ ಅಂಗೈಯಗಲದ ಐದಾರು ಬಟ್ಟಲು. ಎಳ್ಳನ್ನು ಅರೆದು ಹಾಲು ತೆಗೆದು ಕುದ್ಜು ಎಂಬ ಗೆಡ್ಡೆಯ ಹಿಟ್ಟು ಹಾಕಿ ಕಾಸಿ ಇಳಿಸಿದ ಗೋಮಾ-ದೋಫು ಈ ಬೆಟ್ಟದ ಹೆಸರುವಾಸಿ ತಿನಿಸು. ಹೆಸರಿನಲ್ಲಿ ತೋಫು ಇದ್ದರೂ ಸೋಯಾ ಇಲ್ಲ. ಚಮಚಕ್ಕೆ ಅಲುಗಾಡುತ್ತದೆ, ನಾಲಿಗೆಯ ಮೇಲೆ ಎಳ್ಳಿನ ಘಮ ಬಿಟ್ಟು ಕರಗುತ್ತದೆ. ಚಳಿಗಾಲದ ಹಿಮದಲ್ಲಿ ಹೆಪ್ಪುಗಟ್ಟಿಸಿ ಒಣಗಿಸುವ ಕೋಯಾ-ದೋಫು ಇನ್ನೊಂದು. ರಸ ಹೀರಿ ಉಬ್ಬಿರುತ್ತದೆ, ಕಚ್ಚಿದರೆ ಬಾಯ್ತುಂಬ ಸಾರು.

ಖಾರ ಇರುವುದಿಲ್ಲ. ಎಲ್ಲ ಮುಗಿದ ಮೇಲೂ ಇನ್ನೊಂದು ಸುತ್ತು ಬರುತ್ತದೇನೋ ಎಂದು ಕಾಯುವವರು ಬರಬಾರದು. ಬೆಳಗ್ಗೆ ಆರರ ಹೊತ್ತಿಗೆ ಪೂಜೆ. ಕೆಲವು ಮಠಗಳಲ್ಲಿ ಅಗ್ನಿಕಾರ್ಯವೂ ಇರುತ್ತದೆ, ನಮ್ಮ ಹೋಮವೇ ಚೀನಾ ದಾಟಿ ಅಲ್ಲಿಗೆ ಹೋದದ್ದು. ನೆಲದ ಮೇಲೆ ಕೂತು ಏಳಲಾಗದವರು ಕಾದಿರಿಸುವಾಗಲೇ ಕುರ್ಚಿ ಕೇಳಬೇಕು. 'ಇಸು' ಎಂದರೆ ಕುರ್ಚಿ. ಮೊಣಕಾಲು ನೋವಿನ ವಯಸ್ಸಿನವರಿಗೆ ಇದಕ್ಕಿಂತ ಉಪಯೋಗದ ಜಪಾನಿ ಪದ ಇನ್ನೊಂದಿಲ್ಲ.

ದಿನಾ ಹೊರಗೆ ತಿನ್ನುವಾಗ

ಮಕ್ಕಳು ಕೆಲಸಕ್ಕೆ ಹೋದ ಮೇಲೆ ನೀವಿಬ್ಬರೇ ಊರು ಸುತ್ತುವ ದಿನಗಳಿರುತ್ತವೆ. ಸೆವೆನ್-ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್, ಈ ಮೂರರಲ್ಲಿ ಒಂದಾದರೂ ಪ್ರತಿ ಬೀದಿಯಲ್ಲಿದೆ. ತ್ರಿಕೋನಾಕಾರದ ಅನ್ನದ ಉಂಡೆ ಒನಿಗಿರಿಯಲ್ಲಿ ಬರೀ ಉಪ್ಪಿನದು ಸುಲಭ. ಉಪ್ಪು ಹಾಕಿ ಊರಿಸಿದ ಉಮೆ ಕಾಯಿಯದು ನಮ್ಮ ಉಪ್ಪಿನಕಾಯಿ ನಾಲಿಗೆಗೆ ಹಿಡಿಸುತ್ತದೆ, ಆದರೆ ಕೆಲವು ತಯಾರಿಕೆಗಳಲ್ಲಿ ಮೀನಿನ ಚಕ್ಕೆ ಬೆರೆಸಿರುತ್ತಾರೆ, ಹಿಂಭಾಗ ಓದಿ. ಹೊದಿಕೆಯ ಮೇಲಿರುವ 1, 2, 3 ಗುರುತಿನಂತೆ ಎಳೆದರೆ ಪಾಚಿಹಾಳೆ ಗರಿಗರಿಯಾಗಿ ಉಳಿಯುತ್ತದೆ. ಚಳಿಗಾಲದಲ್ಲಿ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲೇ ಬಿಸಿ ಕಲ್ಲಿನ ಮೇಲೆ ಸುಟ್ಟ ಗೆಣಸು ಸಿಗುತ್ತದೆ. ಯಾಕಿ-ಇಮೊ. ಯಾವ ಪ್ರಶ್ನೆಯನ್ನೂ ಕೇಳದೆ ತಿನ್ನಬಹುದಾದ ಏಕೈಕ ಬಿಸಿ ತಿಂಡಿ ಅದು, ಜೇನಿನಷ್ಟು ಸಿಹಿ.

ಒಂದೇ ತಿಂಡಿಯನ್ನು ಕಟ್ಟಿಸಿಕೊಂಡರೆ ತೆರಿಗೆ ಶೇ 8, ಅಲ್ಲೇ ಕೂತು ತಿಂದರೆ ಶೇ 10. 2019ರಿಂದ ಹೀಗೆ. ಟಿಪ್ಸ್ ಕೊಡುವ ಪದ್ಧತಿಯಿಲ್ಲ, ಮೇಜಿನ ಮೇಲೆ ಬಿಟ್ಟು ಬಂದರೆ ಬೀದಿಯವರೆಗೆ ಓಡಿಬಂದು ಹಿಂದಿರುಗಿಸುತ್ತಾರೆ. ಮಧ್ಯಾಹ್ನ ಎರಡರ ಮೇಲೆ ಅನೇಕ ಹೋಟೆಲುಗಳು ಬಾಗಿಲು ಹಾಕುತ್ತವೆ, ನಮ್ಮಂತೆ ಮೂರು ಗಂಟೆಗೆ ಊಟಕ್ಕೆ ಹೊರಟರೆ ಉಪವಾಸ. ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆ ಪೂರ್ತಿ ತಿಂಡಿಯ ಸಂತೆ. ಸಂಜೆ ಮುಚ್ಚುವ ಹೊತ್ತಿಗೆ ರಿಯಾಯಿತಿ ಚೀಟಿ ಅಂಟಿಸುತ್ತಾ ಬರುತ್ತಾರೆ, ಅವರ ಹಿಂದೆಯೇ ನಡೆದರೆ ನಷ್ಟವಿಲ್ಲ.

ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಬುತ್ತಿ ಬಿಚ್ಚಿ ತಿನ್ನುವುದು ಸಹಜ. ಮೆಟ್ರೋದಲ್ಲಿ, ಲೋಕಲ್ ರೈಲಿನಲ್ಲಿ ಯಾರೂ ತಿನ್ನುವುದಿಲ್ಲ, ಜೋರಾಗಿ ಮಾತೂ ಆಡುವುದಿಲ್ಲ. ನಗೋಯಾ ಕಡೆ ಮಕ್ಕಳಿರುವವರು ಅಲ್ಲಿನ ಕಾಫಿ ಅಂಗಡಿಗಳ 'ಮಾರ್ನಿಂಗ್' ತಪ್ಪಿಸಿಕೊಳ್ಳಬೇಡಿ. ಬೆಳಗಿನ ಹೊತ್ತು ಬರೀ ಕಾಫಿಯ ಬೆಲೆಗೆ ಟೋಸ್ಟು, ಬೇಯಿಸಿದ ಮೊಟ್ಟೆ ಬರುತ್ತವೆ. ಮೊಟ್ಟೆ ಬೇಡವೆನ್ನಿ, ಟೋಸ್ಟಿನ ಮೇಲೆ ಬೆಣ್ಣೆ ಮತ್ತು ಅಜುಕಿ ಕಾಳಿನ ಸಿಹಿ ಹೂರಣ ಹಾಕಿದ ಒಗುರಾ ಟೋಸ್ಟು ಕೇಳಿ. ಹೋಳಿಗೆ ಮಾಡುವ ಮನೆಯವರಿಗೆ ಆ ಹೂರಣವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಫಿ ಮಾತ್ರ ಕರಿ, ತೆಳು, ದುಬಾರಿ. ಚಿಕ್ಕಮಗಳೂರು ಜಿಲ್ಲೆಯವರ ಅಭಿಮಾನ ಅಲ್ಲಿ ಬಿಚ್ಚಬೇಡಿ. ಕಾಫಿ ಸೋಸುವುದರಲ್ಲಿ ಅವರ ಶ್ರದ್ಧೆ ನಮಗಿಂತ ಒಂದು ತೂಕ ಹೆಚ್ಚೇ.

ಶಿಷ್ಟಾಚಾರದಲ್ಲಿ ಎರಡೇ ನೆನಪಿಟ್ಟುಕೊಳ್ಳಿ. ಚಾಪ್‌ಸ್ಟಿಕ್ ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬಾರದು, ಅದು ಸತ್ತವರಿಗೆ ಎಡೆ ಇಡುವ ಕ್ರಮ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು, ದಹನದ ನಂತರ ಅಸ್ಥಿ ಆಯುವುದು ಹಾಗೆ. ತಿಥಿ-ಶ್ರಾದ್ಧ ಬಲ್ಲ ನಮಗೆ ಕಾರಣ ಕೇಳಿದರೆ ಸಾಕು, ಮರೆಯುವುದಿಲ್ಲ. ಸುಶಿಯನ್ನೂ ಒನಿಗಿರಿಯನ್ನೂ ಕೈಯಲ್ಲೇ ತಿನ್ನಬಹುದು, ಯಾರೂ ನೋಡುವುದಿಲ್ಲ. ಮೊಮ್ಮಕ್ಕಳು ಹಟ ಹಿಡಿದು ಎಳೆದೊಯ್ಯುವ ತಿರುಗುಪಟ್ಟಿಯ ಸುಶಿ ಹೋಟೆಲಿನಲ್ಲಿ ಸೌತೆಕಾಯಿಯ ಕಪ್ಪಾ ಮಾಕಿ ಸಿಗುತ್ತದೆ, ಹೊಟ್ಟೆ ತುಂಬುತ್ತದೆ. ಅಂಥ ಮೊದಲ ಅಂಗಡಿ 1958ರಲ್ಲಿ ಒಸಾಕಾ ಬಳಿ ಶುರುವಾದದ್ದು.

ಮಾಂಸ-ಮೀನು ತಿನ್ನುವವರಿಗೆ

ಇವರಿಗೆ ಹೇಳುವುದು ಕಡಿಮೆ, ಸುಖ ಹೆಚ್ಚು. ಗ್ಯೂ ಎಂದರೆ ದನ, ಬುತಾ ಹಂದಿ, ತೊರಿ ಕೋಳಿ. ಈ ಮೂರು ಗೊತ್ತಿದ್ದರೆ ಬೇಡದ್ದು ತಟ್ಟೆಗೆ ಬರುವುದಿಲ್ಲ. ರಾಮೆನ್ ಸಾರು ಬಹಳ ಕಡೆ ಹಂದಿ ಮೂಳೆಯದು, ಮೇಲೆ ಕೋಳಿ ಹಾಕಿದ್ದರೂ. ಕೆಲವು ಬರ್ಗರ್ ಅಂಗಡಿಗಳ ಆಲೂಗಡ್ಡೆ ಕೂಡ ದನದ ಕೊಬ್ಬು ಬೆರೆತ ಎಣ್ಣೆಯಲ್ಲಿ ಕರಿದದ್ದು. ಕುರಿ ಅಪರೂಪ, ಹೊಕ್ಕೈದೋಗೆ ಹೋದರೆ ಜಿಂಗಿಸುಕಾನ್ ಎಂಬ ಕುರಿಮರಿ ಮಾಂಸದ ಸುಡುವ ಊಟ ಸಿಗುತ್ತದೆ. ಮದಗದಕೆರೆ, ಅಯ್ಯನಕೆರೆಯ ಮೀನು ತಿಂದು ಬೆಳೆದವರಿಗೆ ಕಡಲಮೀನಿಗಿಂತ ಅಯು ಹಿಡಿಸೀತು. ಹೊಳೆಯ ಮೀನು, ಕಡ್ಡಿಗೆ ಚುಚ್ಚಿ ಉಪ್ಪು ಸವರಿ ಕೆಂಡದ ಪಕ್ಕ ನಿಲ್ಲಿಸಿ ಸುಟ್ಟದ್ದು, ಬೇಸಿಗೆಯಲ್ಲಿ ಸಿಗುತ್ತದೆ. ಖಾರ ಹಚ್ಚಿಲ್ಲವಲ್ಲ ಎನ್ನಿಸುವುದು ಮೊದಲ ತುತ್ತಿಗೆ ಮಾತ್ರ.

ಟೋಕಿಯೋದಲ್ಲಿ ಭಾರತದ ಊಟ ಬೇಕೆನಿಸಿದರೆ ಬೀದಿಗೊಂದು 'ಇಂಡಿಯನ್' ಹೋಟೆಲಿದೆ, ನಡೆಸುವವರು ಹೆಚ್ಚಾಗಿ ನೇಪಾಳಿಗಳು, ಕೊಡುವುದು ತಟ್ಟೆ ಮೀರಿದ ಸಿಹಿ ನಾನ್. ಅದಕ್ಕಿಂತ ಎರಡು ಹಳೇ ಜಾಗಗಳಿಗೆ ಹೋಗಿ. ಬ್ರಿಟಿಷರ ಕಣ್ಣು ತಪ್ಪಿಸಿ 1915ರಲ್ಲಿ ಜಪಾನ್ ಸೇರಿದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್‌ರಿಗೆ ಶಿಂಜುಕುವಿನ ನಾಕಾಮುರಾಯಾ ಬೇಕರಿಯ ಸೋಮಾ ದಂಪತಿ ಆಶ್ರಯ ಕೊಟ್ಟರು, ಆಮೇಲೆ ಮಗಳನ್ನೂ ಕೊಟ್ಟರು. ಅಳಿಯ ಹೇಳಿಕೊಟ್ಟ ಕೋಳಿ ಕರಿ 1927ರಲ್ಲಿ ಆ ಅಂಗಡಿಯ ಮೆನುವಿಗೆ ಬಂತು, ಈಗಲೂ ಇದೆ. ಇನ್ನೊಂದು ಗಿಂಜಾದ ನಾಯರ್ಸ್. ಸ್ವಾತಂತ್ರ್ಯ ಚಳವಳಿಯಲ್ಲಿದ್ದ ಕೇರಳದ ಎ.ಎಂ. ನಾಯರ್ 1949ರಲ್ಲಿ ತೆರೆದದ್ದು. ಅಲ್ಲಿಯ ಹೆಸರಾಂತ ಮುರ್ಗಿ ಊಟ ತಂದಿಟ್ಟು ಎಲ್ಲವನ್ನೂ ಚೆನ್ನಾಗಿ ಕಲಸಿ ತಿನ್ನಿ ಎಂದು ಗಿರಾಕಿಗಳಿಗೆ ಹೇಳಿಕೊಡುತ್ತಾರೆ. ಅನ್ನಕ್ಕೆ ಏನನ್ನೂ ಬೆರೆಸದೆ ತಿನ್ನುವ ಜನಕ್ಕೆ ಅದೊಂದು ಪಾಠ.

ಮಗಳ ಅಡುಗೆಮನೆಯಲ್ಲಿ

ಅಪಾರ್ಟ್‌ಮೆಂಟಿನ ಅಡುಗೆಮನೆ ನಮ್ಮ ದೇವರಮನೆಯಷ್ಟು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಪಕ್ಕದ ಮನೆಯ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗೆ ತಾಗುತ್ತದೆ. ಮೊದಲು ಹೊಗೆ ಎಳೆಯುವ ಫ್ಯಾನು, ಆಮೇಲೆ ಸಾಸಿವೆ. ಪಕೋಡ ಕರಿದ ಎಣ್ಣೆ ಸಿಂಕಿಗೆ ಸುರಿಯಬೇಡಿ. ಅಂಗಡಿಯಲ್ಲಿ ಎಣ್ಣೆ ಗಟ್ಟಿ ಮಾಡುವ ಪುಡಿ ಸಿಗುತ್ತದೆ, ಬಿಸಿ ಎಣ್ಣೆಗೆ ಹಾಕಿ ಆರಲು ಬಿಟ್ಟರೆ ಬಿಲ್ಲೆಯಂತೆ ಎದ್ದು ಬರುತ್ತದೆ, ಎತ್ತಿ ಸುಡುವ ಕಸಕ್ಕೆ ಹಾಕುವುದು. ಅದನ್ನು ತಯಾರಿಸುವುದು ಹರಳೆಣ್ಣೆಯಿಂದ. ಯಾವ ಕಸ ಯಾವ ವಾರ ಎಂಬ ಪಟ್ಟಿ ಫ್ರಿಜ್ಜಿನ ಮೇಲೆ ಅಂಟಿಸಿರುತ್ತಾರೆ. ಅದನ್ನು ಮಂಗಳವಾರ-ಶುಕ್ರವಾರದ ಮಡಿಗಿಂತ ಗಟ್ಟಿಯಾಗಿ ಪಾಲಿಸಬೇಕು.

ಮೂರು ಹೊತ್ತೂ ಮುದ್ದೆ-ಸಾರು ಬೇಯಿಸಿ ಹಾಕಲು ಹೋಗಬೇಡಿ. ಮಕ್ಕಳಿಗೆ ಅಮ್ಮನ ಕೈಯಡುಗೆ ಬೇಕು, ನಿಜ. ಆದರೆ ಹಗಲೆಲ್ಲ ಒಲೆ ಮುಂದೆ ನಿಂತು ತೊಂಬತ್ತು ದಿನದ ವೀಸಾ ಮುಗಿಸಿ ಬಂದವರನ್ನು ಕೇಳಿದರೆ ಜಪಾನಿನಲ್ಲಿ ಅವರು ನೋಡಿದ್ದು ಕುಕ್ಕರಿನ ಸೀಟಿ ಒಂದೇ. ರಾತ್ರಿಯದು ಮನೆಯಲ್ಲಿರಲಿ, ಮಧ್ಯಾಹ್ನದ್ದು ಹೊರಗೆ. ತಾಜಾ ತೋಫುವನ್ನು ಪನೀರಿನ ಬದಲು ಪಲ್ಯಕ್ಕೆ ಹಾಕುವುದಕ್ಕಿಂತ ಹಾಗೇ ಶುಂಠಿ, ಸೋಯಾ ಸಾಸಿನ ಜೊತೆ ತಿಂದು ನೋಡಿ. ನಮ್ಮೂರಿನಲ್ಲಿ ಸಿಗುವ ತೋಫು ಮೇಲೆ ಇಟ್ಟಿದ್ದ ಸಿಟ್ಟೆಲ್ಲ ಇಳಿಯುತ್ತದೆ. ವಸಂತದಲ್ಲಿ ಹೋದರೆ ಮಾರ್ಕೆಟ್ಟಿನಲ್ಲಿ ಕಳಲೆ ರಾಶಿ ಬಿದ್ದಿರುತ್ತದೆ, ತಾಕೆನೊಕೊ. ಜೊತೆಗೆ ಕಹಿ ತೆಗೆಯಲು ಅಕ್ಕಿತೌಡಿನ ಪೊಟ್ಟಣ. ಲಿಂಗದಹಳ್ಳಿ, ತರೀಕೆರೆ ಕಡೆಯವರು ದಿನಾ ನೀರು ಬದಲಿಸಿ ನೆನೆಸುವ ಕೆಲಸವನ್ನು ಅವರು ತೌಡು ಹಾಕಿ ಕುದಿಸಿ ಮುಗಿಸುತ್ತಾರೆ.

ವಯಸ್ಸಾದವರು ಮೋಚಿ ಎಂಬ ಅಂಟಕ್ಕಿಯ ಉಂಡೆಯ ಬಗ್ಗೆ ಎಚ್ಚರವಾಗಿರಬೇಕು. ಗಂಟಲಿಗೆ ಸಿಕ್ಕಿ ಹಿರಿಯರು ಸಾಯುವುದು ಅಲ್ಲಿ ಪ್ರತಿ ಹೊಸವರ್ಷದ ಸುದ್ದಿ, ಟೋಕಿಯೋ ಅಗ್ನಿಶಾಮಕ ಇಲಾಖೆ ವರ್ಷವೂ ಎಚ್ಚರಿಸುತ್ತದೆ. ಮುದ್ದೆಯಂತೆ ನುಂಗುವ ಪದಾರ್ಥ ಅಲ್ಲವೇ ಅಲ್ಲ. ಅಡಿಕೆ ಗಾತ್ರಕ್ಕೆ ಕತ್ತರಿಸಿ, ಚಹಾ ಗುಟುಕರಿಸುತ್ತಾ, ಅಗಿದು ತಿನ್ನಿ. ರಾತ್ರಿ ನಿದ್ದೆ ಬಾರದವರಿಗೆ ಹಸಿರು ಚಹಾದ ಬದಲು ಹುರಿದ ಬಾರ್ಲಿಯ ಮುಗಿಚಾ ಒಳ್ಳೆಯದು, ಅದರಲ್ಲಿ ಕೆಫೀನ್ ಇಲ್ಲ.

ವಾಪಸ್ ಬರುವಾಗ ನೆಂಟರಿಗೆ ಏನು ತರುವುದು ಎಂಬ ಪ್ರಶ್ನೆ. ಫುರಿಕಾಕೆ ಎಂಬ ಅನ್ನಕ್ಕುದುರಿಸುವ ಪುಡಿ ಚಟ್ನಿಪುಡಿಯ ಹಾಗೆ ಕಾಣುತ್ತದೆ, ಹೆಚ್ಚಿನವುಗಳಲ್ಲಿ ಮೀನಿರುತ್ತದೆ. ಬೀಗರ ಮನೆಗೆ ಕೊಟ್ಟು ಫಜೀತಿ ಮಾಡಿಕೊಳ್ಳಬೇಡಿ. ದೋರಾಯಾಕಿಯಲ್ಲಿ ಮೊಟ್ಟೆ. ಅಜುಕಿ ಹೂರಣವನ್ನು ಕಾಂತೆನ್ ಹಾಕಿ ಗಟ್ಟಿ ಮಾಡಿದ ಯೋಕಾನ್ ಎಲ್ಲರಿಗೂ ನಡೆಯುತ್ತದೆ. ಸೀಲ್ ಮಾಡಿದ ಪೊಟ್ಟಣ ತಿಂಗಳುಗಟ್ಟಲೆ ಕೆಡುವುದಿಲ್ಲ, ತೂಕ ಮಾತ್ರ ಜಾಸ್ತಿ. ಒಣ ಕೊಂಬು ಹಗುರ, ಒಂದು ಕಟ್ಟು ವರ್ಷಕ್ಕೆ ಬರುತ್ತದೆ, ತಿಳಿಸಾರು ಮಾಡುವಾಗ ಬೆರಳುದ್ದದ ತುಂಡು ಹಾಕಿ ತೆಗೆದರೆ ಸಾಕು. ತಾಜಾ ಮೋಚಿ ತರಬೇಡಿ, ಮಾರನೇ ದಿನಕ್ಕೇ ಗಟ್ಟಿಯಾಗಿರುತ್ತದೆ.